ಅಪ್ಪನ ಗಿಡಗಳಿಗೆ ಬಂದ ಭುರಿ

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನನ್ನ ಅಪ್ಪನ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಬೆಳಗಾವಿಯ ಡಾಕ್ಟರು ಹೇಳಿದರು. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಮರಳಿನ ಅಚ್ಚು ಕಟ್ಟಿದವನು ಅವನು. ಕಾದ ಕಬ್ಬಿಣದ ಮುಂದೆ ನಿಂತು ನಿಂತು ಅವನ ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಆಪರೇಷನ್ನಿಗೆಂದು ಹೊಟ್ಟೆ ತೆರೆದವರು ಏನೂ ಮಾಡದೆ ಹೊಲಿದು ಕಳಿಸಿದರು. "ಮನಿಗೆ ಕರಕೊಂಡು ಹೋಗ್ರಿ, ಏನು ಬೇಕೋ ತಿನ್ಲಿ" ಎಂದರು. ಅವನಿಗೆ ಏನೂ ಬೇಡವಾಗಿತ್ತು. ಅರ್ಧ ವಾಟಗ ಗಂಜಿ ಕುಡಿದರೆ ಅದೂ ಹೊರಗೆ ಬರುತ್ತಿತ್ತು.

ಖಾನಾಪುರದಲ್ಲಿ ಅವ್ವನ ತವರಿನವರ ಎರಡು ಕೋಣೆಯ ಮನೆ ಖಾಲಿ ಬಿದ್ದಿತ್ತು. ಬೆಳಗಾವಿಯ ಬಾಡಿಗೆ ಮನೆ ಬಿಟ್ಟು ಅಲ್ಲಿಗೆ ಹೋದೆವು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ದಿನಾ ಬೆಳಿಗ್ಗೆ ಪ್ಯಾಸೆಂಜರ್ ರೈಲಿನಲ್ಲಿ ಬೆಳಗಾವಿಗೆ ಹೋಗಿ ಸಂಜೆ ಮರಳುತ್ತಿದ್ದೆ. ಮರಳುವಾಗ ದೇಸೂರ ಸ್ಟೇಶನ್ ದಾಟಿದ ಮೇಲೆ ಎದ್ದು ಬಾಗಿಲ ಬಳಿ ನಿಲ್ಲುತ್ತಿದ್ದೆ, ಮನೆಯಲ್ಲಿ ಏನಾಗಿದೆಯೋ ಎಂದು.

ಗಾಂಜಾ ಗಿಡದ ಮಾತು ತೆಗೆದವರು ಅವ್ವ ಹುಡುಕಿಕೊಂಡು ಹೋದ ಒಬ್ಬ ಮುದುಕ ವೈದ್ಯರು. ಎಲೆಯನ್ನು ತುಪ್ಪದಲ್ಲಿ ಹುರಿದು ಬೆಲ್ಲದಲ್ಲಿ ಕಲಸಿ ಗುಲಗಂಜಿಯಷ್ಟು ಕೊಡಲು ಹೇಳಿದರು. "ಹಸಿವು ಬರತೈತಿ, ಕಣ್ಣಿಗೆ ನಿದ್ದಿ ಹತ್ತತೈತಿ. ರೋಗ ಹೋಗೂದಿಲ್ಲ. ಅದನ್ನ ಮೊದಲ ಹೇಳತೀನಿ" ಎಂದರು. ಬೀಜವನ್ನೂ ಅವರೇ ಕೊಟ್ಟರು. ಗಾಂಜಾ ಗಿಡ ಹಚ್ಚುವುದು ಕಾಯ್ದೆಯ ಪ್ರಕಾರ ತಪ್ಪೆಂದು ನನಗೆ ಗೊತ್ತಿತ್ತು. ಸರಕಾರಿ ನೌಕರಿ ನನ್ನದು. ಅವ್ವ ನನ್ನ ಮುಖ ನೋಡಿದಳು, ನಾನು ಬೇಡ ಅನ್ನಲಿಲ್ಲ.

ಬಚ್ಚಲಿನ ಹಿಂದೆ, ಗೋಡೆಯ ಮೂಲೆಯಲ್ಲಿ, ಎರಡು ಗಿಡ ಎದ್ದವು. ಯಾರ ಕಣ್ಣಿಗೂ ಬೀಳಬಾರದೆಂದು ನಾನೇ ಬಿದಿರು ನೆಟ್ಟು ಸುತ್ತಲೂ ಗೋಣಿತಟ್ಟು ಕಟ್ಟಿದೆ. ಶ್ರಾವಣ ಮುಗಿಯುವ ಹೊತ್ತಿಗೆ ಗಿಡ ಎದೆಮಟ್ಟ ಬಂದಿದ್ದವು. ಅವ್ವ ಮೊದಲ ಸಲ ಕೊಟ್ಟ ದಿನ ಅಪ್ಪ ಅರ್ಧ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ತಿಂದ, ಅದು ಹೊರಗೆ ಬರಲಿಲ್ಲ. ಅವ್ವ ಒಲೆಯ ಮುಂದೆ ಕುಳಿತು ಅತ್ತಳು. ಆಮೇಲಿನ ಎರಡು ತಿಂಗಳಲ್ಲಿ ಅವನು ತಾನೇ ಎದ್ದು ಹೊರಗೆ ಬಂದು ಕಟ್ಟೆಯ ಮೇಲೆ ಕೂರುವಷ್ಟಾದ.

ದಸರಾ ಕಳೆದು ಮಂಜು ಬೀಳಲು ಶುರುವಾಯಿತು. ಒಂದು ಮುಂಜಾನೆ ಕೆಳಗಿನ ಎಲೆಗಳ ಮೇಲೆ ಬಿಳಿ ಚುಕ್ಕೆ ಕಂಡವು, ಗೋಧಿ ಹಿಟ್ಟು ಉದುರಿದ ಹಾಗೆ. ಹಂಡೆಯ ಒಲೆಯ ಬೂದಿ ಹಾರಿ ಬಿದ್ದಿದೆ ಎಂದುಕೊಂಡು ಅವ್ವ ಒದ್ದೆ ಅರಿವೆಯಿಂದ ಒರೆಸಿದಳು. ಮೂರು ದಿನಕ್ಕೆ ಮತ್ತೆ ಬಂತು. ಮತ್ತೆ ಒರೆಸಿದಳು. ಅದೇ ಅರಿವೆಯಿಂದ ಎರಡೂ ಗಿಡ ಒರೆಸಿದ್ದರಿಂದ ಚಲೋ ಇದ್ದ ಎಲೆಗೂ ರೋಗ ಹತ್ತಿತು. ವಾರದಲ್ಲಿ ತುದಿಯ ಎಳೆ ಎಲೆಗಳೂ ಬೆಳ್ಳಗಾಗಿ ಮುರುಟಿದವು. ಅಪ್ಪ ನೋಡಿ, "ಗಿಡಕ್ಕೂ ವಿಭೂತಿ ಹಚ್ಚೀರೇನು?" ಎಂದು ನಕ್ಕ. ನಮಗೆ ನಗು ಬರಲಿಲ್ಲ. ಅಂಥ ಎಲೆಯನ್ನು ರೋಗಿಗೆ ಹೇಗೆ ಕೊಡುವುದು?

ಬೆಳಗಾವಿ ಸ್ಟೇಶನ್ನಿನ ಹೊರಗೆ ಗುಲಾಬಿ ಹೂವು, ಗುಲಾಬಿ ಸಸಿ ಮಾರುವ ಮುದುಕ ಇದ್ದ. ಎಲ್ಲರೂ ಚಾಚಾ ಎನ್ನುತ್ತಿದ್ದರು. ಗಿಡದ ರೋಗ ತಿಳಿದವನು ನನಗೆ ಗೊತ್ತಿದ್ದಂತೆ ಅವನೊಬ್ಬನೇ. ಆದರೆ ಗಾಂಜಾ ಎಲೆ ಹಿಡಿದು ಹೋಗುವುದು ಹೇಗೆ? ಬರಿಗೈಲಿ ಹೋಗಿ, ನಮ್ಮ ಗುಲಾಬಿಗೆ ಬಿಳಿ ಹಿಟ್ಟಿನಂಥದ್ದು ಬಂದಿದೆ ಎಂದೆ.

"ಭುರಿ ಅದ ಅದು ಬೇಟಿ, ಬೂದಿ ರೋಗ. ಈ ಮಂಜಿನ್ಯಾಗ ಬರೂದ" ಎಂದ ಚಾಚಾ. ಕಾಗದದ ಪೊಟ್ಟಣದಲ್ಲಿ ಹಳದಿ ಗಂಧಕದ ಪುಡಿ ಕಟ್ಟಿಕೊಟ್ಟ. "ಬಿಸಲು ಏರೂಕಿಂತ ಮೊದಲ ತೆಳ್ಳಗ ಉದರಸ್ರಿ."

ಮರುದಿನ ರಜೆ. ತೆಳ್ಳಗೆ ಉದುರಿಸಲು ಹೇಳಿದ್ದ, ನಾನು ಆತುರಕ್ಕೆ ದಪ್ಪಗೆ ಉದುರಿಸಿದೆ, ಎಲೆಗೂ, ಆಗತಾನೆ ಬರುತ್ತಿದ್ದ ಮೊಗ್ಗಿಗೂ. ಬಿಳಿ ಹಿಟ್ಟು ನಿಂತಿತು. ನಾಲ್ಕನೆಯ ದಿನ ಅವ್ವ ಇದ್ದದ್ದರಲ್ಲಿ ಹಸಿರಾದ ಎಲೆ ಕಿತ್ತು ತೊಳೆದು ತುಪ್ಪಕ್ಕೆ ಹಾಕಿದಳು. ವಾಸನೆ ಎದ್ದಿತು. ಒಳಗೆ ಮಲಗಿದ್ದ ಅಪ್ಪ ಕೂಗಿದ.

"ಗಂಧಕದ ವಾಸನಿ ಬರತೈತಿ. ಫೌಂಡ್ರಿಯೊಳಗ ಇದ ವಾಸನಿ ಕುಡದೀನಿ ನಾ. ಏನು ಹಾಕೀರಿ ಅದಕ್ಕ?"

ಅವ್ವ ಬಾಣಲೆ ಇಳಿಸಿದಳು. ಮರುದಿನ ನಾನು ಚಾಚಾನ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಕತ್ತರಿ ಕೆಳಗಿಟ್ಟ.

"ಮೊದಲ ಹೇಳಬೇಕಿತ್ತು ಬೇಟಿ. ಹೂವು ಮುಡಿತೀರಿ, ತಿನ್ನೂದಿಲ್ಲ ಅಂತ ಗಂಧಕ ಕೊಟ್ಟೆ. ತಿನ್ನೂ ಎಲಿಗೆ ಅದನ್ನ ಹಚ್ಚಬಾರದು. ಮೊಗ್ಗಿನಾಗ ಕುಂತಿದ್ದು ತೊಳದರ ಹೋಗೂದಿಲ್ಲ."

ಗಿಡ ಎಲ್ಲಿವೆ ಎಂದು ಕೇಳಿದ. ಗೋಣಿತಟ್ಟಿನ ವಿಷಯ ಹೇಳಿದೆ. "ಅದ ನೋಡ್ರಿ ಮೂಲ. ಗಾಳಿ ಇಲ್ಲ, ಬಿಸಲಿಲ್ಲ, ಬಚ್ಚಲದ ಹಸಿ ಬ್ಯಾರೆ. ಭುರಿಗೆ ನೀವ ಮನಿ ಕಟ್ಟಿಕೊಟ್ಟೀರಿ" ಎಂದ. ರೋಗ ಬಂದ ಎಲೆಯನ್ನೆಲ್ಲ ಕೊಯ್ದು ಸುಡಬೇಕು, ತಿಪ್ಪೆಗೆ ಎಸೆಯಬಾರದು. ಕತ್ತರಿಯನ್ನು ಬಿಸಿನೀರಲ್ಲಿ ತೊಳೆಯಬೇಕು. ನಡುವಿನ ಟೊಂಗೆ ಬಿಡಿಸಿ ಗಾಳಿಯಾಡಿಸಬೇಕು. ನೀರು ಬುಡಕ್ಕೆ ಮಾತ್ರ, ಅದೂ ಮುಂಜಾನೆ. ಹೊಸ ಚಿಗುರಿಗೆ ಮಜ್ಜಿಗೆಯ ತಿಳಿಯನ್ನು ಹತ್ತು ಪಾಲು ನೀರಿಗೆ ಬೆರೆಸಿ ವಾರಕ್ಕೆರಡು ಸಲ ಬಿಸಿಲಲ್ಲಿ ಸಿಂಪಡಿಸಬೇಕು. "ಹೊಸಾ ಎಲಿ ಬರೂ ತನಕ ನಿಮ್ಮ ಅಪ್ಪಾರಿಗೆ ಏನೂ ಕೊಡಬ್ಯಾಡ್ರಿ."

ಮನೆಗೆ ಬಂದು ಅವ್ವನಿಗೆ, "ಚಾಚಾ ತಪ್ಪು ಔಷಧ ಕೊಟ್ಟಿದ್ದ" ಎಂದೆ. ತಪ್ಪು ನನ್ನದೆಂದು ಹೇಳಲು ಬಾಯಿ ಬರಲಿಲ್ಲ.

ಅವತ್ತೇ ಗೋಣಿತಟ್ಟು ಬಿಚ್ಚಿದೆ. ಬಾಜು ಮನೆಯ ಮರಾಠಿ ವೈನಿ ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದವಳು ನನ್ನನ್ನೂ ಗಿಡಗಳನ್ನೂ ನೋಡಿದಳು. ಬಿಚ್ಚಿದ ತಟ್ಟನ್ನು ನಾನು ಮತ್ತೆ ಗಿಡಕ್ಕೆ ಅಡ್ಡ ಹಿಡಿದೆ.

"ಮಳಿಗಾಲದಾಗ ನಂಗ ಗೊತ್ತಾಗೇತಿ. ವಾಸನಿ ಬರತದಲ್ಲ" ಎಂದಳು ಅವಳು. "ನಮ್ಮ ಎಮ್ಮಿ ಹಾಲು ಕೊಡತದ. ಭುರಿಗೆ ಸಿಂಪಡಸಾಕ ಮಜ್ಜಿಗಿ ಬೇಕಾದ್ರ ತಗೋರಿ."

ಇಷ್ಟು ದಿನ ಯಾರಿಂದ ಮುಚ್ಚಿಟ್ಟಿದ್ದೆವೋ ಆಕೆ ಎಲ್ಲ ತಿಳಿದೂ ಸುಮ್ಮನಿದ್ದಳು. ಗಿಡಗಳು ಬಯಲಲ್ಲೇ ಇದ್ದಿದ್ದರೆ ಅವಕ್ಕೆ ರೋಗವೇ ಬರುತ್ತಿರಲಿಲ್ಲವೇನೋ.

ಎಲೆಯೆಲ್ಲ ಕೊಯ್ದು ಸುಟ್ಟ ಮೇಲೆ ಎರಡು ಗಿಡ ಕಡ್ಡಿಯಂತೆ ನಿಂತವು. ಅಪ್ಪನಿಗೆ ಕೊಡಲು ಏನೂ ಇರಲಿಲ್ಲ. ವೈದ್ಯರ ಹತ್ತಿರ ಕೇಳಲು ಹೋದರೆ ಅವರು ಮಗಳ ಊರಿಗೆ ಹೋಗಿದ್ದರು, ಯಾವಾಗ ಬರುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ. ರೊಟ್ಟಿ ಮತ್ತೆ ಗಂಜಿಗೆ ಇಳಿಯಿತು, ಗಂಜಿ ನೀರಿಗೆ. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ನೋವು ಬಂದಾಗ ಕಂಬಳಿಯ ಅಂಚು ಕಚ್ಚುತ್ತಿದ್ದ. ನಾನು ರೈಲಿನಿಂದ ಇಳಿದು ಬಂದರೆ, "ಚಿಗತಾವೇನವ್ವಾ?" ಎಂದು ಕೇಳುತ್ತಿದ್ದ. ಸುಳ್ಳು ಹೇಳಿ ಹೇಳಿ ಸಾಕಾಗಿದ್ದರಿಂದ ಇನ್ನೂ ಇಲ್ಲ ಎನ್ನುತ್ತಿದ್ದೆ.

ಮಜ್ಜಿಗೆ ಸಿಂಪಡಿಸುವುದನ್ನು ಅವ್ವ ಒಂದು ಸಲವೂ ತಪ್ಪಿಸಲಿಲ್ಲ. ನಾಲ್ಕನೆಯ ವಾರ ಟೊಂಗೆಯ ಕಂಕುಳಲ್ಲಿ ಎಳೆ ಎಲೆ ಬಂದವು, ಒಂದೂ ಬಿಳಿ ಚುಕ್ಕೆ ಇರಲಿಲ್ಲ. ಅವ್ವ ತುಪ್ಪದಲ್ಲಿ ಹುರಿದು ತಂದು ಅಪ್ಪನ ತುಟಿಗೆ ಹಿಡಿದಳು. ಅವನು ಬಾಯಿ ತೆರೆದ, ನುಂಗಲು ಆಗಲಿಲ್ಲ. ಅವ್ವ ಬೆರಳಿನಿಂದ ಅದನ್ನು ಹೊರಗೆ ತೆಗೆದು ಬಾಯಿ ಒರೆಸಿದಳು. ಐದು ದಿನದ ಮೇಲೆ, ಮಧ್ಯಾಹ್ನ, ನಾನು ಎಕ್ಸ್‌ಚೇಂಜಿನಲ್ಲಿ ಯಾರದೋ ಟ್ರಂಕ್‌ಕಾಲ್ ಜೋಡಿಸುತ್ತಿದ್ದ ಹೊತ್ತಿನಲ್ಲಿ ಅವನು ಹೋದ.

ಮಣ್ಣು ಕೊಟ್ಟು ಬಂದ ಮೇಲೂ ಅವ್ವ ಎರಡು ವಾರ ಗಿಡಕ್ಕೆ ಮಜ್ಜಿಗೆ ಸಿಂಪಡಿಸಿದಳು. ನಾನು ಬೇಡ ಅನ್ನಲಿಲ್ಲ. ಆಮೇಲೆ ಒಂದು ದಿನ ತಾನೇ ಬೇರುಸಹಿತ ಕಿತ್ತು ಹಂಡೆಯ ಒಲೆಗೆ ಹಾಕಿದಳು.

ಎಂಬತ್ತರ ದಶಕದಲ್ಲಿ ನಾವಿಬ್ಬರೂ ಬೆಳಗಾವಿಗೆ ಮರಳಿ ರಾಮತೀರ್ಥ ನಗರದಲ್ಲಿ ಮನೆ ಹಿಡಿದಿದ್ದೆವು. ಒಂದು ಸಂಜೆ ಮೆಂತ್ಯೆ ಸೊಪ್ಪು ಸೋಸುತ್ತ ಕುಳಿತಾಗ ತಡೆಯಲಾರದೆ ಹೇಳಿಬಿಟ್ಟೆ. ಚಾಚಾನದು ತಪ್ಪಲ್ಲ, ನಾನು ಗುಲಾಬಿ ಎಂದು ಸುಳ್ಳು ಹೇಳಿದ್ದೆ, ಆ ನಾಲ್ಕು ವಾರ ಅಪ್ಪ ಉಪವಾಸ ನರಳಿದ್ದು ನನ್ನಿಂದ ಎಂದೆ.

ಅವ್ವ ಸೊಪ್ಪಿನಿಂದ ಕೈ ತೆಗೆಯಲಿಲ್ಲ.

"ಪೂರಾ ಉಪವಾಸ ಇರಲಿಲ್ಲ" ಎಂದಳು. "ನೀ ಸುಡೂಕಿಂತ ಮೊದಲ ಒಂದು ಹಿಡಿ ಎಲಿ ತಗದಿಟ್ಟಿದ್ದೆ. ಏಳು ನೀರಿನ್ಯಾಗ ತೊಳದೆ. ವಾಸನಿ ಹತ್ತಬಾರದಂತ ಯಾಲಕ್ಕಿ ಹಾಕಿದೆ. ಎರಡು ಸಲ ಕೊಟ್ಟೀನಿ. ಅವರ ನೋವು ನೋಡಾಕ ಆಗಲಿಲ್ಲ. ಅದರಿಂದನ ಲಗೂನ ಹೋದರೇನೋ."

ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ನಾವಿಬ್ಬರೂ ಬೇರೆ ಬೇರೆ ತಪ್ಪನ್ನು ಹೊತ್ತುಕೊಂಡು ಕುಳಿತಿದ್ದೆವು. "ಇಲ್ಲವ್ವಾ, ಅಷ್ಟರಿಂದ ಏನೂ ಆಗಿರೂದಿಲ್ಲ. ಅಪ್ಪ ಉಳಿಯೂದಿಲ್ಲಂತ ಡಾಕ್ಟರು ಮೊದಲ ತಿಳಿಸಿದ್ದರು" ಎಂದೆ.

"ನೀ ಹೇಳೂದು ಖರೇ ಇರಬಹುದು" ಎಂದು ಅವಳು ಸೋಸಿದ ಸೊಪ್ಪನ್ನು ನನ್ನ ಕಡೆ ಸರಿಸಿದಳು. ನಾನು ಅದನ್ನು ತೊಳೆಯಲು ಎದ್ದೆ.