ತಮ್ಮನ ಬುತ್ತಿಯಲ್ಲಿದ್ದ ಕಣಿಲೆ

ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಕಣಿಲೆಯ ಎರಡು ಬಾಲ್ದಿಗಳಿರುತ್ತವೆ. ಬಿದಿರಿನ ಎಳೆ ಮೊಳಕೆಯನ್ನು ಸಣ್ಣಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಮೂರು ದಿನ ನೆನೆಸಬೇಕು. ಹಾಗೆ ಅದರ ವಿಷ ಇಳಿಯುತ್ತದೆ. ಗೋಡೆಯ ಬದಿಯ ಬಾಲ್ದಿ ಅಡುಗೆಗೆ ತಯಾರಾದದ್ದು, ನಲ್ಲಿಯ ಬದಿಯದ್ದು ಹೊಸತು. ಇದು ಅಮ್ಮನ ಕ್ರಮ, ಬೇರೆ ಗುರುತಿಲ್ಲ.

ಒಂದು ಸಂಜೆ ಗ್ಯಾಸ್ ಸಿಲಿಂಡರ್ ತಂದವನು ದಾರಿಗಾಗಿ ಬಾಲ್ದಿಗಳನ್ನು ಸರಿಸಿದ್ದ. ಮರುದಿನ ಬೆಳಿಗ್ಗೆ ತಮ್ಮನ ಹೆಂಡತಿ ಗೋಡೆಯ ಬದಿಯದ್ದನ್ನೇ ತೆಗೆದು, ಹೆಸರುಕಾಳು ಹಾಕಿ, ತೆಂಗಿನಕಾಯಿ ಮಸಾಲೆ ಅರೆದು ಗಸಿ ಮಾಡಿದಳು. ನೆನೆದ ಕಣಿಲೆಗೆ ಹುಳಿವಾಸನೆ ಇರುತ್ತದೆ. ಆದರೆ ಶೀತದಿಂದ ಅವಳ ಮೂಗು ಕಟ್ಟಿತ್ತು. ಬುತ್ತಿ ಹಿಡಿದು ತಮ್ಮ ಬೈಕಂಪಾಡಿಯ ಕಾರ್ಖಾನೆಗೆ ಹೋದ.

ಆಮೇಲೆ ನೀರು ಬದಲಿಸಲು ಬಗ್ಗಿದ ಅಮ್ಮ ಹಾಗೆಯೇ ನಿಂತರು. ಹುಳಿವಾಸನೆಯ ಬಾಲ್ದಿ ತುಂಬಿಯೇ ಇತ್ತು. ನಿನ್ನೆ ಹೆಚ್ಚಿದ್ದು ಅರ್ಧ ಖಾಲಿ.

“ಗಸಿಗೆ ಯಾವುದರಿಂದ ತೆಗೆದದ್ದು?”

“ಗೋಡೆ ಬದಿಯದ್ದು, ಅತ್ತೆ. ಎಂತಾಯ್ತು?”

ಮನೆಯಲ್ಲಿ ಯಾರೂ ಇನ್ನೂ ತಿಂದಿರಲಿಲ್ಲ. ಬೆಂದ ಮೇಲೆ ವಿಷ ಎಷ್ಟು ಉಳಿಯುತ್ತದೆಂದು ನಮಗೆ ಗೊತ್ತಿರಲಿಲ್ಲ. ಕೆಲಸದ ಹೊತ್ತಿನಲ್ಲಿ ತಮ್ಮನ ಫೋನು ಲಾಕರಿನಲ್ಲಿರುತ್ತದೆ. ನಾನೂ ಅಮ್ಮನೂ ರಿಕ್ಷಾ ಹತ್ತಿದೆವು.

ಗೇಟಿನವರು ಹೇಳಿಕಳುಹಿಸಿದಾಗ ಒದ್ದೆ ಕೈ ಒರೆಸಿಕೊಳ್ಳುತ್ತ ತಮ್ಮ ಬಂದ.

“ಊಟ ಆಯ್ತಾ?” ಎಂದೆ.

“ಈಗಷ್ಟೇ ಆಯ್ತು, ಅಕ್ಕ.”

ಅಮ್ಮ ಅವನ ಕೈ ಹಿಡಿದು ಹತ್ತಿರಕ್ಕೆ ಎಳೆದರು.

“ಎಂತ ತಿಂದದ್ದು?” ಎಂದು ಅವರೇ ಕೇಳಿದರು.

ಅವನು ಅಮ್ಮನ ಮುಖ ನೋಡಿ ತಡವರಿಸಿದ. “ಕ್ಯಾಂಟೀನಿನ ಅನ್ನ, ಸಾರು. ಕಣಿಲೆ ಸ್ಕೂಟರಿನ ಡಿಕ್ಕಿಯಲ್ಲಿ ಉಂಟು. ಇಲ್ಲಿ ತೆರೆದರೆ ಆ ವಾಸನೆಗೆ ಎಲ್ಲರೂ, ಬುತ್ತಿಯಲ್ಲಿ ಸಾಕ್ಸ್ ತಂದದ್ದಾ ಮಾರಾಯ ಅಂತ ಕೇಳ್ತಾರೆ. ಡ್ಯೂಟಿ ಮುಗಿಸಿ ಪಣಂಬೂರು ಬೀಚಿನಲ್ಲಿ ಕೂತು ತಿಂತೇನೆ. ಬಿಸಾಡುವುದಿಲ್ಲ ಅಮ್ಮ, ಒಂದು ದಿನವೂ ಬಿಸಾಡಲಿಲ್ಲ.”

“ಇವತ್ತು ಬಿಸಾಡು,” ಎಂದರು ಅಮ್ಮ.

ಅವನು ಅದನ್ನು ಕೋಪವೆಂದುಕೊಂಡ. ಬಾಲ್ದಿಯ ವಿಷಯ ಹೇಳಿದ ಮೇಲೆ ಹೋಗಿ ಬುತ್ತಿ ತಂದು ಕೊಟ್ಟ. ನಾನು ಮುಚ್ಚಳ ತೆಗೆದು ನೋಡಿದೆ. ಗಸಿ ಅಂಚಿನವರೆಗೂ ಇತ್ತು. ಮುಚ್ಚಿ, ಮತ್ತೊಮ್ಮೆ ತೆಗೆದು ನೋಡಿದೆ.

ಸಂಜೆ ಅವನು ಬೀಚಿಗೆ ಹೋಗದೆ ನೇರ ಮನೆಗೆ ಬಂದ. ಹುಳಿವಾಸನೆಯ ಬಾಲ್ದಿಯಿಂದ ಅಮ್ಮ ತಾವೇ ಗಸಿ ಮಾಡಿದ್ದರು. ಅವನು ಎರಡನೆಯ ಸಲ ಬಡಿಸಿಕೊಳ್ಳುವವರೆಗೂ ನಾವು ಮೂವರೂ ತಟ್ಟೆಗೆ ಕೈ ಹಾಕದೆ ಅವನನ್ನೇ ನೋಡುತ್ತ ಕುಳಿತಿದ್ದೆವು.

“ಎಂತ, ನನ್ನನ್ನು ಪ್ರದರ್ಶನಕ್ಕಿಟ್ಟದ್ದಾ? ನೀವೂ ತಿನ್ನಿ,” ಎಂದ.