ಮಬ್ಬು ಬೆಳಕಿನ ಬೈಠಕ್

ಪುಣೆ ಪಕ್ಕದ ಚಿಂಚವಾಡದ ಅವಧೂತರಾಯರಿಗೆ ಎರಡು ಅಹಂಕಾರಗಳಿದ್ದವು. ಭೋಸರಿಯ ಕಾರ್ಖಾನೆಯಲ್ಲಿ ಜೀವಮಾನವಿಡೀ ಗಿಯರ್‌ಗಳ ತಪಾಸಣೆ ಮಾಡಿದ ತಮ್ಮನ್ನು ಯಾವ ಯಂತ್ರವೂ ಮೋಸಗೊಳಿಸಲಾರದು ಎಂಬುದೊಂದು. ಧಾರವಾಡದಲ್ಲಿ ಹುಟ್ಟಿದ ತಮ್ಮ ಕಿವಿ ತಪ್ಪಲಾರದು ಎಂಬುದು ಇನ್ನೊಂದು. ಹಾಡಲು ಮಾತ್ರ ಬರುತ್ತಿರಲಿಲ್ಲ. ಆ ಕೆಲಸಕ್ಕೆ ಇಂದೂ ಎಂಬ ಹೆಂಡತಿ ಇದ್ದರು.

ಇಂದೂ ಮದುವೆಗೆ ಮುಂಚೆ ಪಂಕಜಾಕ್ಷಿಬಾಯಿಯವರ ಹತ್ತಿರ ಹಾಡು ಕಲಿತವರು. ಆಮೇಲೆ ಸಂಸಾರ ಶುರುವಾಗಿ ತಂಬೂರಿ ಕಪಾಟಿನ ಮೇಲೇರಿತು. ಈಗ ಗುರುಗಳೇ ಪುಣೆಗೆ ಬರುವವರಿದ್ದರು. ಮನೆಯಲ್ಲಿ ಬೈಠಕ್ ಮಾಡಿ ಅವರೆದುರು ಹಾಡುವುದೆಂದು ಗೊತ್ತಾದ ಮೇಲೆ ಇಂದೂ ದಿನಾ ನಸುಕಿನಲ್ಲಿ ರಿಯಾಜಿಗೆ ಕೂತರು. ರಾಯರು ಬೆಳಕಿನ ದಂಡಯಾತ್ರೆಗೆ ಹೊರಟರು.

"ಬೈಠಕ್ ಅಂದ್ರ ಬೆಳಕು ಮಬ್ಬಿರಬೇಕು" ಎಂದು ಅವರ ಶಾಸನ. ಹಾಲ್‌ನ ಸೀಲಿಂಗಿಗೆ ಎಲ್‌ಇಡಿ ಡೌನ್‌ಲೈಟ್, ಅವಕ್ಕೆ ಹಳೇ ಮನೆಯಿಂದ ಬಿಚ್ಚಿ ತಂದ, ಬೆಳಕು ಏರಿಳಿಸುವ ಡಿಮರ್. ಹಳದಿ ಬಲ್ಬಿನ ಕಾಲದಲ್ಲಿ ರಾಜ್ಯವಾಳಿದ ಡಿಮರ್ ಅದು.

ಅಂಗಡಿಯಲ್ಲಿ ಮಗಳು ಪ್ರಾಚಿ ಡಬ್ಬಿ ತಿರುಗಿಸಿ ಓದಿದಳು. "ಪಪ್ಪಾ, ಇವು ಡಿಮರಿಗೆ ನಡೆಯೂದಿಲ್ಲಂತ ಬರದಾರ. ನಡೆಯೂವು ಬ್ಯಾರೆ ಇರ್ತಾವ. ಡಿಮರೂ ಎಲ್‌ಇಡಿಗೆ ಹೊಂದೂದ ಬೇಕು."

"ಏ ಹುಚ್ಚಿ, ಅವೆಲ್ಲಾ ಮಾರೋ ಮಂದಿ ಆಟ. ದೊಡ್ಡ ಬಲ್ಬ್ ಬಗ್ಗಿಸಿದ ಡಿಮರಿಗೆ ಈ ಪಿಳ್ಳಿ ದೀಪ ಯಾವ ಲೆಕ್ಕ?"

ಅಂಗಡಿಯವನು "ಕಾಕಾ, ಮಗ ತಕ್ರಾರ್ ನಾಹೀ ಹಾಂ" ಎಂದ. 'ಆಮೇಲೆ ತಕರಾರು ತರಬೇಡಿ' ಎಂಬ ಆ ಶಾಪವನ್ನು ರಾಯರು ನಗುತ್ತಲೇ ಸ್ವೀಕರಿಸಿದರು. ಮನೆಯಲ್ಲಿ ಫ್ಯಾನ್ ಗರಗರ ತಿರುಗುವಾಗ ದೀಪಗಳನ್ನು ಪರೀಕ್ಷಿಸಿ, ಪಾಸು ಮಾಡಿದರು.

ಬೈಠಕ್ಕಿನ ಸಂಜೆ ಮಂದಿ ಕೂತರು. ಶ್ರುತಿ ಕೇಳಲೆಂದು ಪದ್ಧತಿಯಂತೆ ಫ್ಯಾನ್ ಆರಿಸಿದರು. ರಾಯರು ಕಿರೀಟ ತೊಡಿಸುವ ಗಾಂಭೀರ್ಯದಿಂದ ಡಿಮರ್ ತಿರುಗಿಸಿದರು. ಹಾಲಿನಂಥ ಬೆಳಕು ನೀರುಮಜ್ಜಿಗೆಯಾಯಿತು. ಇಂದೂ ತಂಬೂರಿ ಮೀಟಿದರು.

ಗುಂಯ್!

ಇಂದೂ ತಡವರಿಸಿ, ತಂತಿಯ ಕೆಳಗಿನ, ನಾದ ಹದಗೊಳಿಸುವ ಜವಾರಿ ದಾರವನ್ನು ಸರಿಸಿ ಮತ್ತೆ ಮೀಟಿದರು. ಮತ್ತೆ ಗುಂಯ್. ಧಾರವಾಡದ ಕಿವಿ ತಡೆಯಲಿಲ್ಲ.

"ಇಂದೂ, ಜವಾರಿ ಕೆಟ್ಟು ಹೋಗ್ಯದಲ್ಲ! ಇಷ್ಟು ದಿನ ಕೂತು ಏನ್ ಮಾಡಿದಿ? ಬಾಯಿಯವ್ರ ಎದುರಿಗೆ ಹಿಂಗೇನು?"

ಇಂದೂ ಅವರ ಮುಖ ಸಣ್ಣದಾಯಿತು. ಅಂಗೈಯಿಂದ ತಂತಿಗಳನ್ನು ಒತ್ತಿ ಹಿಡಿದರು. ತಂಬೂರಿ ನಿಂತಿತು. ಗುಂಯ್ ನಿಲ್ಲಲಿಲ್ಲ. ಎಲ್ಲರ ಕತ್ತು ಸೀಲಿಂಗಿನತ್ತ ಎದ್ದವು. ಅಲ್ಲೊಂದು ದೀಪ ಪಿಳಿಪಿಳಿ ಕಣ್ಣು ಹೊಡೆಯಿತು.

ಪಂಕಜಾಕ್ಷಿಬಾಯಿ ಎಂದರು: "ಅವಧೂತ, ನಿನ್ನ ದೀಪ ಹಾಡ್ಲಿಕ್ಕೆ ಹತ್ಯಾವಲ್ಲೋ. ಶ್ರುತಿ ಒಂದು ಕೂಡಿಲ್ಲ."

ರಾಯರು ಡಿಮರಿನ ಮೇಲೆ ಬಿದ್ದರು. ಇಳಿಸಿದರೆ ಗುಂಯ್ ಜೋರಾಯಿತು. ಪೂರ್ತಿ ಏರಿಸಿದಾಗಷ್ಟೇ ಅಡಗಿತು. ಹಾಲ್ ಆಪರೇಷನ್ ಥಿಯೇಟರಿನಂತೆ ಬೆಳಗಿತು. ರಾಯರ ಕಿವಿ ದಾಸವಾಳದಷ್ಟು ಕೆಂಪಾದದ್ದು ಹಿಂದಿನ ಸಾಲಿನವರಿಗೂ ಕಂಡಿತು.

"ಪೂರಾ ಆರಿಸಿಬಿಡ್ತೀನಿ. ಎಣ್ಣಿ ಸಮೆ ಹಚ್ಚೋಣು" ಎಂದು ಅವರು ಕತ್ತಲೆಯ ಮೊರೆಹೋದರು.

"ಬ್ಯಾಡ್ರಿ, ಇರಲಿ" ಎಂದರು ಇಂದೂ.

"ಕಣ್ಣಿಗೆ ಹೊಡೀತದ..."

"ಹೊಡೀಲಿ. ಎಲ್ಲಾರೆದುರು ಅಂದ ಮಾತು ಎಲ್ಲಾರೆದುರು ತಿರುಗಿ ತಗೋರಿ. ಆಮ್ಯಾಲ ಹಾಡ್ತೀನಿ."

ರಾಯರು ಗಂಟಲು ಸರಿಮಾಡಿಕೊಂಡರು. "ತಂಬೂರಿ ಸರಿ ಅದ. ನಿನ್ನ ಕಿವಿನೂ ಸರಿ ಅದ." ಬಾಗಿಲಲ್ಲಿ ಪ್ರಾಚಿ ಹುಬ್ಬೇರಿಸಿದಳು. "ದೀಪದ ಡಬ್ಬಿ ಮ್ಯಾಲ ಬರದದ್ದೂ ಸರಿ ಅದ. ತಪ್ಪು ನಂದು."

ಇಂದೂ ಕಣ್ಣು ಮುಚ್ಚಿ ಯಮನ್ ರಾಗ ಎತ್ತಿಕೊಂಡರು. ಮೇಲಿನ ಷಡ್ಜಕ್ಕೆ ದನಿ ಮುಟ್ಟಿದಾಗ ಪಂಕಜಾಕ್ಷಿಬಾಯಿ ತೊಡೆ ತಟ್ಟಿದರು, ಮಂದಿ ವಾಹ್ ಎಂದರು. ಯಾರಾದರೂ ಎಡವಟ್ಟಾಗಿ ಡಿಮರ್ ಮುಟ್ಟಿಯಾರೆಂದು ಅದರ ಪಕ್ಕ ಕಾವಲು ನಿಂತಿದ್ದ ರಾಯರಿಗೂ ವಾಹ್ ನಾಲಗೆಯ ತುದಿಗೆ ಬಂತು. ಶ್ರುತಿಯ ವಿಷಯದಲ್ಲಿ ಇವತ್ತು ಬಾಯಿ ತೆರೆಯುವ ಮುಖ ತಮಗೆಲ್ಲಿದೆ ಎಂದು ಅದನ್ನು ನುಂಗಿಕೊಂಡರು.