ಡಿಸ್ಕ್ ಚೆನ್ನಾಗಿಯೇ ಇತ್ತು

ಫೈಲು ಹಾಳಾಗುತ್ತಿದೆ ಎಂದು ಯಾರಾದರೂ ಕಂಪ್ಯೂಟರ್ ತಂದರೆ, ಹಾರ್ಡ್ ಡಿಸ್ಕ್ ಬದಲಾಯಿಸುವುದೇ ಮುಳಬಾಗಿಲಿನ ನನ್ನ ರಿಪೇರಿ ಅಂಗಡಿಯ ಮೊದಲ ಮದ್ದು. ಬಹಳ ಸಲ ಅದು ಸರಿಯೂ ಆಗಿರುತ್ತದೆ. ಆ ಧಿಮಾಕೇ ನನ್ನನ್ನು ಮುಳುಗಿಸಿತು.

ಅಕ್ಕ ತೀರಿಕೊಂಡು ಆರು ತಿಂಗಳಾಗಿತ್ತು. ರಾಯಲ್ಪಾಡಿನಿಂದ ಬಾವ ಮನೆಯ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಅಕ್ಕನ ಫೋಟೋ, ವಿಡಿಯೋ ಎಲ್ಲ ಅದರಲ್ಲೇ ಇದ್ದವು, ಬೇರೆಲ್ಲೂ ಇರಲಿಲ್ಲ. ಅಕ್ಕ ಮಗಳಿಗೆ ತಲೆ ಬಾಚುತ್ತಾ ತೆಲುಗಿನಲ್ಲಿ ಗದರುವ ಒಂದು ವಿಡಿಯೋ ಇತ್ತು. ಮಗು ದಿನಾ ಅದನ್ನು ಹಾಕಿಸಿಕೊಂಡೇ ಊಟ ಮಾಡುತ್ತಿತ್ತು.

"ಬೆಳಿಗ್ಗೆ ಅವಳ ಮುಖ ಅರ್ಧ ಬೂದಿ ಬಣ್ಣ ಬರುತ್ತೆ ಕಣಪ್ಪಾ. ಸಾಯಂಕಾಲ ಅದೇ ಫೋಟೋ ಸರಿಯಾಗಿ ಬರುತ್ತೆ," ಎಂದರು ಬಾವ.

"ಡಿಸ್ಕ್ ಹೋಗಿದೆ ಬಾವ, ಹೊಸದು ಹಾಕ್ತೀನಿ ಬಿಡಿ," ಎಂದೆ. ಅವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ.

ಅದೇ ಕಂಪ್ಯೂಟರಿಗೆ ಹೊಸ ಡಿಸ್ಕ್ ಸಿಕ್ಕಿಸಿ ಎಲ್ಲವನ್ನೂ ಕಾಪಿ ಮಾಡಿ, ಹಳೆಯದನ್ನು ಅಳಿಸಿದೆ. ಅಳಿಸಿದ ಮೇಲೆ ಪರೀಕ್ಷಿಸಿದರೆ ಅದರಲ್ಲಿ ಯಾವ ದೋಷವೂ ಕಾಣಲಿಲ್ಲ. ಆಗಲಾದರೂ ತಲೆ ಓಡಬೇಕಿತ್ತು. ನಮ್ಮ ಕಸುಬಿನಲ್ಲಿ ಏನನ್ನೂ ಎಸೆಯುವುದಿಲ್ಲ. ಆ ಹಳೇ ಡಿಸ್ಕನ್ನು ಟೊಮೇಟೊ ಮಂಡಿಯವರ ಸಿಸಿಟಿವಿಗೆ ಆದೀತೆಂದು ಅಲ್ಲಿ ಕೂರಿಸಿ ಬಂದೆ.

ತಿಂಗಳು ಕಳೆದು ಬಾವ ಕಂಪ್ಯೂಟರ್ ಹೊತ್ತು ಮತ್ತೆ ಬಂದರು. ಈಗ ಅಕ್ಕನ ಮುಖ ಬೆಳಿಗ್ಗೆಯೂ ಬೂದಿ, ಸಾಯಂಕಾಲವೂ ಬೂದಿ. ತಲೆ ಬಾಚುವ ವಿಡಿಯೋ ತೆರೆಯುತ್ತಲೇ ಇರಲಿಲ್ಲ. ಬಾವನನ್ನು ಊರಿಗೆ ಕಳಿಸಿ ಕೂತೆ. ನನ್ನದೇ ಒಂದು ದೊಡ್ಡ ಫೈಲನ್ನು ಮೂರು ಸಲ ಕಾಪಿ ಮಾಡಿ ಹೋಲಿಸಿದರೆ ಮೂರೂ ಬೇರೆ ಬೇರೆ. ಡಿಸ್ಕಿನಿಂದ ಓದಿದ್ದೆಲ್ಲ ಹಾದುಹೋಗುವ ಎರಡು ರ್‍ಯಾಮ್ ಪಟ್ಟಿಗಳಲ್ಲಿ ಒಂದನ್ನು ಕಿತ್ತೆ. ಎಲ್ಲ ಕಾಪಿಗಳೂ ಒಂದೇ ಆದವು. ಕೆಟ್ಟಿದ್ದು ಆ ಪಟ್ಟಿ; ಒಮ್ಮೆ ಕೆಡಿಸಿ, ಒಮ್ಮೆ ಸರಿಯಾಗಿ ತೋರಿಸುತ್ತಿತ್ತು, ಅದಕ್ಕೇ ಸಾಯಂಕಾಲ ಮುಖ ಸರಿಯಾಗಿ ಬರುತ್ತಿತ್ತು. ಹಳೇ ಡಿಸ್ಕಿನಲ್ಲಿ ಅಕ್ಕ ಸರಿಯಾಗಿಯೇ ಇದ್ದಳು. ಕೆಟ್ಟ ರ್‍ಯಾಮಿನ ಮೂಲಕ ಕಾಪಿ ಮಾಡಿ ಕೆಡಿಸಿದವನೂ, ಉಳಿದದ್ದನ್ನು ಅಳಿಸಿದವನೂ ನಾನೇ.

ಮಂಡಿಗೆ ಓಡಿದೆ. ತಿಂಗಳಿಡೀ ಸಿಸಿಟಿವಿ ಚಿತ್ರ ತುಂಬಿಕೊಂಡಿತ್ತು: ಡಿಸ್ಕ್ ತುಂಬ ಟೊಮೇಟೊ ಕ್ರೇಟುಗಳು, ಲಾರಿಗಳು. ಗೊತ್ತಿದ್ದ ಸಾಫ್ಟ್‌ವೇರನ್ನೆಲ್ಲ ಹಾಕಿ ಹುಡುಕಿದೆ. ಅಕ್ಕನ ಒಂದು ಫೋಟೋ ಕೂಡ ಸಿಗಲಿಲ್ಲ. ಅಂಗಡಿಯ ಶಟರ್ ಎಳೆದುಕೊಂಡು ಅತ್ತೆ.

ಮಾರನೆಯ ದಿನ ಬಾವನಿಗೆ ಫೋನ್ ಮಾಡಿ, "ಹಳೇ ಡಿಸ್ಕ್ ಮೊದಲೇ ಕೆಟ್ಟಿತ್ತು ಬಾವ, ಏನೂ ಉಳೀಲಿಲ್ಲ," ಎಂದೆ. ಬಾಯಿಗೆ ಬಂದದ್ದು ಆ ಸುಳ್ಳು.

ಬಾವ, "ನೀನೇನ್ ಮಾಡ್ತೀಯಾ ಬಿಡಪ್ಪಾ. ನಿಮ್ಮಕ್ಕ ಅಲ್ವಾ, ನಿನ್ನ ಕೈಲಿ ಆಗೋದಾಗಿದ್ರೆ ಬಿಡ್ತಿದ್ಯಾ?" ಎಂದರು.

ಇವತ್ತಿಗೂ ನಿಜ ಹೇಳಿಲ್ಲ. ಅವರ ಊರಿನಲ್ಲಿ ಯಾರ ಕಂಪ್ಯೂಟರ್ ಕೆಟ್ಟರೂ ಬಾವ ನನ್ನ ಹತ್ತಿರವೇ ಕಳಿಸುತ್ತಾರೆ. ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ: "ನೀವು ಬಹಳ ಜೋಪಾನವಾಗಿ ನೋಡ್ಕೊಡ್ತೀರಂತೆ."